ಮಗನ ಮನೆಗೆ ಬುತ್ತಿ ತರುವ ಅತ್ತೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬರುವ ಮೂವರೂ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಊರು, ಕೆಲಸ, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸುಳ್ಳು ಹೆಸರು ಇಡುವುದು ನನಗೆ ಅಷ್ಟು ಇಷ್ಟವಿಲ್ಲ, ಹಾಗಾಗಿ ಅತ್ತೆ, ಸೊಸೆ, ಮಗ ಅಂತಲೇ ಕರೆಯುತ್ತೇನೆ.

2022ರ ಜುಲೈ. ನಾನು ಆಪ್ತ ಸಲಹೆಗಾರ್ತಿ, ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಮಹಡಿ ಮೇಲೆ ನನ್ನ ಕೋಣೆ. ಅಲ್ಲಿಗೆ ಗಂಡ ಹೆಂಡತಿ ಬಂದು ಕೂತರು, ಜೊತೆಗೆ ಒಂದು ವರ್ಷದ ಮಗು. ಏನು ವಿಷಯ ಅಂದೆ. ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಫ್ಯಾನ್ ನೋಡಿದಳು. ಆಮೇಲೆ ಅವಳೇ ಬಾಯಿಬಿಟ್ಟಳು.

"ನಮ್ಮತ್ತೆ ನಮ್ಮನೆಗೆ ಬುತ್ತಿ ಕಟ್ಕೊಂಡು ಬರ್ತಾರೆ ಮೇಡಂ."

ಅತ್ತೆ ಇರುವುದು ಗುಬ್ಬಿ ಕಡೆಯ ಹಳ್ಳಿಯಲ್ಲಿ, ಕಿರಿಯ ಮಗನ ಜೊತೆ. ಮಗು ನೋಡಿಕೊಳ್ಳಲು ವಾರಕ್ಕೆ ಎರಡು ಮೂರು ದಿನ ಬಸ್ಸಿನಲ್ಲಿ ತುಮಕೂರಿಗೆ ಬರುತ್ತಾರೆ. ಬರುವಾಗ ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ಕೆಳಗಿನ ಡಬ್ಬಿಯಲ್ಲಿ ಸಾರು, ಮೇಲಿನದರಲ್ಲಿ ಬಟ್ಟೆ ಸುತ್ತಿದ ಮುದ್ದೆ. ಮಗುವನ್ನು ಎತ್ತುತ್ತಾರೆ, ಆಡಿಸುತ್ತಾರೆ, ತಟ್ಟಿ ಮಲಗಿಸುತ್ತಾರೆ, ಒಣಗಿದ ಬಟ್ಟೆ ಮಡಿಸಿಡುತ್ತಾರೆ. ಊಟದ ಹೊತ್ತಿಗೆ ಮಾತ್ರ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತು, ತಂದಿದ್ದ ತಣ್ಣನೆ ಮುದ್ದೆ ಮುರಿದು ಉಣ್ಣುತ್ತಾರೆ. ಸೊಸೆ ಮಾಡಿದ್ದು ಒಂದು ತುತ್ತೂ ಇಲ್ಲ. ಕೆಳಗಿನ ಮನೆ ಓನರ್ ಹೆಂಡತಿ ಒಂದು ದಿನ "ಏನಜ್ಜಿ, ಸೊಸೆ ಊಟ ಹಾಕಲ್ವಾ?" ಅಂತ ಕೇಳಿಯೇಬಿಟ್ಟಿದ್ದಾರೆ. "ನಂಗೆ ನಮ್ಮೂರ ಹಿಟ್ಟೇ ಆಗ್ಬೇಕು ಕಣಮ್ಮ" ಅಂದರಂತೆ ಅತ್ತೆ. ನಮ್ಮ ಕಡೆ ಮುದ್ದೆಗೂ ಹಿಟ್ಟು ಅಂತಲೇ ಹೇಳುವುದು, ರಾಗಿ ಹಿಟ್ಟಿಗೂ ಹಿಟ್ಟು ಅಂತಲೇ. ಈ ಮಾತು ಮುಂದೆ ಬೇಕಾಗುತ್ತದೆ.

ನಾನು ಅವತ್ತು ಒಂದು ತಪ್ಪು ಮಾಡಿದೆ. ಅತ್ತೆ ಸೊಸೆ ಜಗಳ ಅಂತ ವಾರಕ್ಕೆ ನಾಲ್ಕು ಬರುತ್ತವೆ, ಇದೂ ಅದೇ ಜಾತಿ ಅಂದುಕೊಂಡೆ. ಎಷ್ಟು ದಿನದಿಂದ ಹೀಗೆ ಅಂತ ಕೂಡ ಸರಿಯಾಗಿ ಕೇಳಲಿಲ್ಲ. "ಅವರು ಬಂದ ದಿನ ನೀನು ಅಡುಗೆ ಮಾಡ್ಬೇಡ, ನಿನ್ನ ಅಡುಗೆಮನೆಯಲ್ಲಿ ಅವರೇ ಮಾಡಲಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ" ಅಂತ ಸಿದ್ಧ ಸಲಹೆ ಕೊಟ್ಟು ಕಳಿಸಿದೆ. ಮುಂದಿನ ವಾರ ಸೊಸೆ ಬಂದು ನಡೆದದ್ದು ಹೇಳಿದಳು. ಅತ್ತೆ ಅಡುಗೆಮನೆಗೆ ಹೋಗಿ ಬಸ್ಸಾರು ಮಾಡಿದರು, ಮುದ್ದೆ ತಿರುವಿದರು, ಮಗನಿಗೂ ಸೊಸೆಗೂ ಬಡಿಸಿದರು. ಬಡಿಸಿ, ಬಾಗಿಲ ಹತ್ತಿರ ಹೋಗಿ ಕ್ಯಾರಿಯರ್ ಬಿಚ್ಚಿದರು.

ತಾನೇ ಮಾಡಿದ ಅಡುಗೆಯನ್ನೂ ಉಣ್ಣಲಿಲ್ಲ ಅಂದರೆ ಇದು ಸೊಸೆಯ ಕೈಯಡುಗೆಯ ಮಾತಲ್ಲ ಅಲ್ವಾ? ಆ ಮನೆಯ ಹಿಟ್ಟಿನ ಡಬ್ಬಿಯ ಮೇಲೇ ಏನೋ ಇದೆ. ಆಗ ನಾನು ಮೊದಲ ದಿನ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಇದು ಯಾವತ್ತಿಂದ?

"ಅಂಡಮಾನಿಂದ" ಅಂದಳು.

ಮಗ ಕಟ್ಟಡದ ಕೆಲಸದಲ್ಲಿ ಸೈಟ್ ಎಂಜಿನಿಯರ್. 2019ರಲ್ಲಿ ಕಂಪನಿ ಅವನನ್ನು ಪೋರ್ಟ್‌ಬ್ಲೇರ್‌ಗೆ ಕಳಿಸಿತ್ತು. ಆಗ ಇನ್ನೂ ಅದೇ ಹೆಸರು, ಶ್ರೀ ವಿಜಯಪುರಂ ಆಗಿದ್ದು 2024ರಲ್ಲಿ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೋದ. 2020ರ ಮಾರ್ಚ್ ಮೊದಲ ವಾರ ಅಮ್ಮನನ್ನೂ ಕರೆಸಿಕೊಂಡ, ಮೂರು ವಾರಕ್ಕೆ. ಅಪ್ಪ ಬರಲಿಲ್ಲ, ಹಸು ಇದೆ, ತೋಟಕ್ಕೆ ನೀರು ಬಿಡಬೇಕು ಅಂದರಂತೆ. ಅಮ್ಮ ಮೊದಲ ಸಲ ವಿಮಾನ ಹತ್ತಿದರು, ಸಮುದ್ರ ನೋಡಿದರು, ಸೆಲ್ಯುಲರ್ ಜೈಲು ನೋಡಿದರು. ಮಾರ್ಚ್ ಕೊನೆಗೆ ವಾಪಸ್ ಟಿಕೆಟ್ ಇತ್ತು. ಮಾರ್ಚ್ 24ರ ರಾತ್ರಿಯಿಂದ ದೇಶದೊಳಗಿನ ವಿಮಾನಗಳೆಲ್ಲ ನಿಂತವು. ಹಡಗು ಅಂದರೂ ಚೆನ್ನೈಗೆ ಮೂರು ದಿನದ ದಾರಿ, ಅದರಲ್ಲೂ ಜನ ಹತ್ತುವ ಹಾಗಿಲ್ಲ. ಮಾರ್ಚ್ 26ಕ್ಕೆ ಅಂಡಮಾನಿನಲ್ಲೇ ಮೊದಲ ಕೊರೊನಾ ಕೇಸು. ಮರುದಿನ ಇಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲಿ ಮೊದಲ ಸಾವು. "ನಂಗೂ ಕರಿನೀರಿನ ಶಿಕ್ಷೆ ಆಯ್ತು ಅಂತ ನಗ್ತಿದ್ದೆ ಕಣಮ್ಮ, ಮೊದ್ಮೊದ್ಲು" ಅಂತ ಅತ್ತೆ ಆಮೇಲೆ ನನಗೆ ಹೇಳಿದರು.

ಎರಡು ಕೋಣೆಯ ಮನೆ. ಸೈಟ್ ಬಂದ್ ಆಗಿದ್ದರಿಂದ ಮಗನೂ ಮನೆಯಲ್ಲೇ. ದ್ವೀಪದ ಮನೆ ಅಂದರೆ ಕಿಟಕಿ ತೆಗೆದರೆ ಸಮುದ್ರ ಅಂತ ನಾವು ಅಂದುಕೊಳ್ಳುತ್ತೇವೆ, ಅವರ ಕಿಟಕಿಗೆ ಕಾಣುತ್ತಿದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕು. ಮಳೆಗಾಲ ಶುರುವಾಗುವವರೆಗೆ ಆ ಊರಲ್ಲಿ ನೀರಿಗೆ ಕಷ್ಟ. ನಲ್ಲಿ ದಿನವೂ ಬರುತ್ತಿರಲಿಲ್ಲ, ಬಂದಾಗ ಬಿಂದಿಗೆ ಬಕೆಟ್ಟು ಪಾತ್ರೆ ಎಲ್ಲ ತುಂಬಿಡಬೇಕು. ಇದೊಂದು ಅತ್ತೆಗೆ ಗೊತ್ತಿದ್ದ ಕೆಲಸ, ಬಯಲುಸೀಮೆಯವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಸುತ್ತ ಅಷ್ಟು ನೀರಿಟ್ಟುಕೊಂಡು ಕುಡಿಯೋಕಿಲ್ಲವಲ್ಲ ಅಂತ ಮಾತ್ರ ಬೈದುಕೊಂಡರಂತೆ. ಬೆಳಗ್ಗೆ ಐದಕ್ಕೆಲ್ಲ ಬಿಸಿಲು, ಸಂಜೆ ಐದೂವರೆ ದಾಟಿದರೆ ಕತ್ತಲು. ಅಷ್ಟು ಬೇಗ ದೀಪ ಹಚ್ಚಿದ ಮೇಲೆ ಮಲಗುವವರೆಗೆ ಮಾಡುವುದೇನು? ಉಪ್ಪು ಡಬ್ಬಿಯಲ್ಲೇ ನೀರಾಗುತ್ತಿತ್ತು. ತರಕಾರಿ ಹಡಗು ಬಂದಾಗ ಬರುತ್ತಿತ್ತು, ಬಂದಾಗಲೂ ರೇಟು ಕೇಳಿ ಎದೆ ಹಿಡಿದುಕೊಳ್ಳಬೇಕು. ಮೀನು ಧಾರಾಳ, ಅತ್ತೆಗೆ ಮೀನು ಆಗದು. ತೆಂಗಿನಕಾಯಿ ಮಾತ್ರ ನಮ್ಮಲ್ಲಿಯಷ್ಟೇ.

ಅಕ್ಕಪಕ್ಕ ಬಂಗಾಳಿ, ತಮಿಳು, ತೆಲುಗು ಸಂಸಾರಗಳು. ಎಲ್ಲರಿಗೂ ಹಿಂದಿ ಬರುತ್ತದೆ, ಅತ್ತೆಗೆ ಬರುವುದಿಲ್ಲ. ಸೊಸೆಯ ತವರು ಚಿಕ್ಕಬಳ್ಳಾಪುರ ಕಡೆ, ತೆಲುಗು ಮನೆಮಾತಿನಷ್ಟೇ ಸಲೀಸು. ಮೇಲಿನ ಮನೆಯ ತೆಲುಗು ಹೆಂಗಸಿನ ಜೊತೆ ಮೆಟ್ಟಿಲ ಹತ್ತಿರ ನಿಂತು ಅವಳು ನಕ್ಕಾಗೆಲ್ಲ ತನ್ನ ವಿಷಯವೇ ಆಡುತ್ತಿದ್ದಾರೆ ಅಂತ ಅತ್ತೆಗೆ ಅನ್ನಿಸುತ್ತಿತ್ತು. ಆ ಊರಿನಲ್ಲಿ ಅವರಿಗೆ ಕನ್ನಡ ಮಾತಾಡಲು ಸಿಗುತ್ತಿದ್ದವರು ಇಬ್ಬರೇ, ಅದರಲ್ಲಿ ಮಗ ಮೊಬೈಲ್ ಹಿಡಿದುಕೊಂಡು ತಾರಸಿಗೆ ಹೋದರೆ ಗಂಟೆಗಟ್ಟಲೆ ಕೆಳಗೆ ಇಳಿಯುತ್ತಿರಲಿಲ್ಲ.

ಈಗ ಹಿಟ್ಟಿನ ವಿಷಯ. ಊರಿಂದ ಬರುವಾಗ ಅತ್ತೆ ಆರು ಕೆಜಿ ರಾಗಿ ಹಿಟ್ಟು ತಂದಿದ್ದರು. ಲಾಕ್‌ಡೌನ್ ಶುರುವಾದಾಗ ಸೊಸೆ ಉಳಿದ ಹಿಟ್ಟನ್ನು ಲೋಟದಲ್ಲಿ ಅಳೆದಳು. 22 ಲೋಟ. ಲೋಟಕ್ಕೆ ಒಂದು ಮುದ್ದೆ, ಲಾಕ್‌ಡೌನ್ 21 ದಿನ. ಅತ್ತೆಗೆ ದಿನಕ್ಕೊಂದು ಮುದ್ದೆ, ತಮಗಿಬ್ಬರಿಗೂ ಅನ್ನ. ಲೆಕ್ಕ ಸರಿಹೋಯಿತು ಅಂತ ಖುಷಿಯಾದಳು. ಮುದ್ದೆ ಕೋಲು ಇರಲಿಲ್ಲ, ಲಟ್ಟಣಿಗೆಯ ತುದಿಯಲ್ಲೇ ತಿರುವುತ್ತಿದ್ದಳು. ಆದರೆ ಹತ್ತನೇ ದಿನದ ಹೊತ್ತಿಗೆ ಅವಳಿಗೆ ಅನುಮಾನ ಬಂತು, ಇದು 21 ದಿನಕ್ಕೆಲ್ಲ ಮುಗಿಯುವುದಲ್ಲ ಅಂತ. ದಿನ ಬಿಟ್ಟು ದಿನ ಮಾಡತೊಡಗಿದಳು. ಏಪ್ರಿಲ್ 14ಕ್ಕೆ ಲಾಕ್‌ಡೌನ್ ಮೇ 3ರವರೆಗೆ ಅಂದರು. ಅವತ್ತು ಡಬ್ಬಿಯಲ್ಲಿ ಏಳು ಲೋಟ ಇತ್ತು. ಆ ತೇವಕ್ಕೆ ಹಿಟ್ಟು ಮುಗ್ಗಲು ವಾಸನೆ ಹಿಡಿಯುತ್ತಿತ್ತು, ಹುಳ ಕಾಣಿಸಿಕೊಂಡಿತ್ತು. ಅವಳು ಜರಡಿ ಹಿಡಿದು, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ, ಫ್ರಿಡ್ಜಿನ ಕೆಳಗೆ ತರಕಾರಿ ಇಡುವ ಡಬ್ಬಿಯಲ್ಲಿ ಇಟ್ಟಳು. "ಹಿಟ್ಟು ಮುಗೀತು ಅತ್ತೆ" ಅಂದಳು. ಅತ್ತೆಗೆ ಜ್ವರ ಗಿರ ಬಂದರೆ, ಅನ್ನ ಸೇರದೇ ಹೋದರೆ ಗಂಜಿಗೆ ಇರಲಿ ಅಂತ ಅವಳ ಲೆಕ್ಕ. ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತಲ್ಲ ಅಂದೆ. "ಇದೆ ಅಂದ್ರೆ ಕೇಳೋರು ಮೇಡಂ. ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ. ಅದಕ್ಕೆ ಎತ್ತಿಟ್ಟೆ."

ಐದು ದಿನಕ್ಕೆ ಮಾವ ಹೋಗಿಬಿಟ್ಟರು. ಕೊರೊನಾ ಅಲ್ಲ. ಬೆಳಗ್ಗೆ ಹಾಲು ಕರೆದಿಟ್ಟು, ಎದೆ ಉರಿ ಅಂತ ಜಗಲಿ ಮೇಲೆ ಮಲಗಿದವರು ಏಳಲಿಲ್ಲ.

ಎರಡನೇ ಮಾತುಕತೆಯಲ್ಲಿ ಸೊಸೆ ಇಷ್ಟು ಹೇಳಿದಳು. ಮಗ ಪಕ್ಕದಲ್ಲೇ ಕೂತಿದ್ದ, ಮಗುವಿನ ಸಾಕ್ಸ್ ಬಿಚ್ಚುತ್ತಾ ಹಾಕುತ್ತಾ. ಅವನು ಅವತ್ತು ಆಡಿದ್ದು ನಾಲ್ಕು ಮಾತು. ಅಮ್ಮನನ್ನು ಕರೆದುಕೊಂಡು ಬಾ ಅಂದೆ.

ಅತ್ತೆ ಬಂದರು. ಅರವತ್ತರ ಆಸುಪಾಸು, ಗಟ್ಟಿ ಹೆಂಗಸು, ಕ್ಯಾರಿಯರ್ ಕೈಯಲ್ಲೇ ಇತ್ತು. "ನಂಗೇನೂ ಆಗಿಲ್ಲ ಕಣಮ್ಮ, ಇವ್ರು ಸುಮ್ನೆ ಕರ್ಕೊಂಡು ಬಂದವ್ರೆ" ಅಂದರು. ನಾನು ಮೊದಲು ನಿದ್ದೆ, ಊಟ, ಸಕ್ಕರೆ ಕಾಯಿಲೆ ಮಾತ್ರೆ ಎಲ್ಲ ವಿಚಾರಿಸಿದೆ. ಬಸ್ ತಡವಾದ ದಿನ ಮಾತ್ರೆ ನುಂಗಿ ಉಪವಾಸ ಇದ್ದಾರೆ, ತಲೆ ಸುತ್ತಿದೆ. ಅದಕ್ಕೆ ಡಾಕ್ಟರ ಹತ್ತಿರ ಕಳಿಸಿದೆ, ಅದು ಮೊದಲ ಕೆಲಸ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಇದನ್ನು ಕೇಳಲು ನಮ್ಮಲ್ಲಿ ಜನ ಹೆದರುತ್ತಾರೆ, ಕೇಳಿದರೆ ಆ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಅಂತ. ಹಾಗೇನೂ ಆಗುವುದಿಲ್ಲ. ಅತ್ತೆ ನಕ್ಕರು. "ಹಸ ಕರ ಹಾಕೈತೆ, ಯಾರ್ ನೋಡ್ತಾರೆ?" (ಹೌದು ಅಂದಿದ್ದರೆ ದಾರಿ ಬೇರೆ ಇತ್ತು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಅದು ಶುರುವಾಗಿದ್ದು ಆ ವರ್ಷದ ಅಕ್ಟೋಬರ್ 10ಕ್ಕೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಂಬರ್ ಬರೆದಿಟ್ಟುಕೊಳ್ಳಿ.) ಆರು ತಿಂಗಳು ದಾಟಿಯೂ ಬಿಡದೆ ದಿನದ ಬದುಕನ್ನೇ ಹಿಡಿದು ನಿಲ್ಲಿಸುವ ದುಃಖಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಪ್ರತ್ಯೇಕ ಹೆಸರೇ ಇದೆ. ಇವರು ಹಾಲು ಕರೆಯುತ್ತಿದ್ದರು, ಮೊಮ್ಮಗುವನ್ನು ಆಡಿಸುತ್ತಿದ್ದರು, ರಾತ್ರಿ ನಿದ್ದೆ ಮಾಡುತ್ತಿದ್ದರು. ಹೆಸರು ಹಚ್ಚುವ ಆತುರ ನನಗಿರಲಿಲ್ಲ.

ಆಮೇಲೆ ಹಿಟ್ಟಿನ ಕಥೆ ಅವರ ಬಾಯಲ್ಲಿ ಕೇಳಿದೆ. ಹನ್ನೊಂದನೇ ದಿನ. ಊರಲ್ಲಿ ಕಿರಿಯ ಮಗ ಕಾರ್ಯ ಮಾಡುತ್ತಿದ್ದಾನೆ. ಇಲ್ಲಿ ನಾವೂ ಒಂದು ಎಡೆ ಇಡೋಣ, ಯಜಮಾನರಿಗೆ ಹಿಟ್ಟು ಅಂದರೆ ಪ್ರಾಣ, ಅದೇ ಇಲ್ಲವಲ್ಲ ಅಂತ ಅತ್ತೆ ಅತ್ತಿದ್ದಾರೆ. ಸೊಸೆ ಎದ್ದು ಹೋಗಿ ಫ್ರಿಡ್ಜಿನಿಂದ ಕವರ್ ತೆಗೆದಿದ್ದಾಳೆ. ಮುದ್ದೆ ತಿರುವಿ ಬಾಳೆ ಎಲೆಯ ತುಂಡಿನ ಮೇಲೆ ಇಟ್ಟಿದ್ದಾಳೆ. ಮಾವನ ಅಚ್ಚು ಹಾಕಿಸಿದ ಫೋಟೋ ಇರಲಿಲ್ಲ, ಮೊಬೈಲಿನಲ್ಲಿದ್ದ ಫೋಟೋ ತೆರೆದು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಾಳೆ. ಅರೆ ನಿಮಿಷಕ್ಕೊಮ್ಮೆ ಪರದೆ ಆರಿಹೋಗುತ್ತಿತ್ತು, ಅವಳು ಕೈ ಚಾಚಿ ಮುಟ್ಟಿ ಮುಟ್ಟಿ ಬೆಳಕು ಮಾಡುತ್ತಿದ್ದಳು.

ಅತ್ತೆ ಆ ಮುದ್ದೆಯನ್ನೇ ನೋಡುತ್ತಿದ್ದರಂತೆ. "ಮುಗೀತು ಅಂದ್ಲಲ್ಲ. ಯಜಮಾನ್ರು ಸತ್ತ ಮೇಲೆ ಹಿಟ್ಟು ಹುಟ್ಟಿಬಿಡ್ತಾ? ಬಚ್ಚಿಟ್ಟಿದ್ಲು."

ಒಬ್ಬಳಿಗೆ ಎತ್ತಿಟ್ಟದ್ದು, ಇನ್ನೊಬ್ಬರಿಗೆ ಬಚ್ಚಿಟ್ಟದ್ದು. ಅಂದಿನಿಂದ ಅತ್ತೆ ತಮ್ಮ ಅನ್ನ ತಾವೇ ಬೇಯಿಸಿಕೊಂಡರು. ಮನೆಯಲ್ಲಿ ಇದ್ದದ್ದು ಒಂದೇ ಕುಕ್ಕರ್, ಅದು ದಿನಕ್ಕೆರಡು ಸಲ ಪ್ರತ್ಯೇಕವಾಗಿ ಕೂಗುತ್ತಿತ್ತು. ಮೇ 25ಕ್ಕೆ ವಿಮಾನ ಶುರುವಾದರೂ ಟಿಕೆಟ್ ಸಿಕ್ಕಿ, ಮೂವರೂ ಊರು ಸೇರಿದ್ದು ಜೂನ್ ಕೊನೆಗೆ. ಕೈಗೆ ಸೀಲ್ ಹೊಡೆದಿದ್ದರು, 14 ದಿನ ಕ್ವಾರಂಟೈನ್. ಗಂಡ ಸತ್ತ ಎರಡು ತಿಂಗಳ ಮೇಲೆ ಮನೆಗೆ ಬಂದ ಹೆಂಗಸನ್ನು ಓರಗಿತ್ತಿ, ನಾದಿನಿ ಯಾರೂ ಹಿಡಿದುಕೊಂಡು ಅಳಲಿಲ್ಲ. ಅಂಗಳದ ಆಚೆ ನಿಂತು ಸೆರಗು ಬಾಯಿಗೆ ಹಿಡಿದು "ಇಂಗಾಗೋಯ್ತಲ್ಲಕ್ಕ" ಅಂದು ಹೋದರು.

ಬಳೆಯ ಮಾತೂ ಬಂತು. ಊರಲ್ಲಾಗಿದ್ದರೆ ನಾಲ್ಕು ಜನ ಹೆಂಗಸರು ಸುತ್ತ ಕೂರುತ್ತಿದ್ದರು. ಆ ಪದ್ಧತಿ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಇಲ್ಲಿ ಅತ್ತೆ ಬಚ್ಚಲಿಗೆ ಹೋಗಿ ನಲ್ಲಿಗೆ ಕೈ ಬಡಿದು ತಾವೇ ಒಡೆದುಕೊಂಡಿದ್ದಾರೆ. ಚೂರುಗಳನ್ನು ಯಾರು ಗುಡಿಸಿದರು ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಸೊಸೆ ಗುಡಿಸಿದ್ದಳು, ಪೇಪರಿನಲ್ಲಿ ಕಟ್ಟಿ ಊರಿಗೂ ತಂದಿದ್ದಳು, ಎಸೆಯಲು ಧೈರ್ಯ ಬರಲಿಲ್ಲವಂತೆ.

ಹೊರಡುವಾಗ ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಮಾತು ಬಿಟ್ಟರು. ಮುಖ್ಯವಾದದ್ದು ಬಾಗಿಲಲ್ಲೇ ಬರುವುದು, ಈ ಕೆಲಸದಲ್ಲಿ ಇರುವ ಯಾರನ್ನಾದರೂ ಕೇಳಿ. "ಹಿಟ್ಟು ಓಗ್ಲಿ ಬಿಡಮ್ಮ. ಫೋನ್ ಯಾಕೆ ಕಟ್ ಮಾಡಿದ್ಲು?"

ಮತ್ತೆ ಕೂರಿಸಿದೆ.

ಮಣ್ಣು ಮಾಡಿದ ದಿನ. ಅಂತ್ಯಕ್ರಿಯೆಗೆ 20 ಜನಕ್ಕಿಂತ ಜಾಸ್ತಿ ಸೇರುವಂತಿಲ್ಲ ಅಂತ ನಿಯಮ, ಊರಿನವರ ಹೆದರಿಕೆಗೆ ಅಷ್ಟೂ ಬರಲಿಲ್ಲ. ದಾರಿಗೆ ಮುಳ್ಳು ಹಾಕಿದ್ದ ಕಾಲ ಅದು. ತೋಟದಲ್ಲಿ ಗುಂಡಿ ತೆಗೆದಿದ್ದಾರೆ. ಸಂಬಂಧಿ ಹುಡುಗ ವಿಡಿಯೋ ಕಾಲ್ ಮಾಡಿದ್ದಾನೆ. ಅಂಡಮಾನಿಗೆ ಆಗ ಇಂಟರ್ನೆಟ್ ಬರುತ್ತಿದ್ದದ್ದು ಉಪಗ್ರಹದ ಮೂಲಕ, ವಿಡಿಯೋ ಅಂದರೆ ಎರಡು ಕ್ಷಣ ಓಡಿ ನಾಲ್ಕು ಕ್ಷಣ ನಿಲ್ಲುವುದು. ಸೊಸೆ ಫೋನ್ ಹಿಡಿದಿದ್ದಾಳೆ, ಅತ್ತೆ ಪಕ್ಕದಲ್ಲಿ. ಮುಖದ ಮೇಲಿನ ಬಟ್ಟೆ ತೆಗೆಯಲು ಯಾರೋ ಬಗ್ಗಿದರು. ಅಲ್ಲಿಗೆ ಚಿತ್ರ ನಿಂತಿತು. ಪರದೆಯಲ್ಲಿ ಒಬ್ಬರ ಮೊಣಕೈ, ಒಂದು ತೆಂಗಿನ ಬುಡ, ನಡುವೆ ತಿರುಗುವ ಚಕ್ರ. ಆಗ ಸೊಸೆಯ ಹೆಬ್ಬೆರಳು ಕೆಂಪು ಗುಂಡಿ ಒತ್ತಿತು. ಅತ್ತೆ ಅದನ್ನು ಕಣ್ಣಾರೆ ನೋಡಿದರು. ಆಮೇಲೆ ಎಷ್ಟು ಸಲ ಮಾಡಿದರೂ ಕಾಲ್ ಸೇರಲಿಲ್ಲ. ಮಾತಿನ ಕಾಲ್ ಸಿಕ್ಕಿದಾಗ "ಮಣ್ಣು ಕೊಟ್ಟಾಯ್ತು ದೊಡ್ಡಮ್ಮ" ಅಂದನಂತೆ ಆ ಹುಡುಗ.

ಇದನ್ನು ಮಗನಿಗೆ ಹೇಳಿದಾಗ ಅವನು ಫಟ್ಟನೆ "ಅದು ನೆಟ್ ಪ್ರಾಬ್ಲಂ ಮೇಡಂ, ಅಮ್ಮಂಗೆ ನೂರು ಸಲ ಹೇಳಿದೀನಿ" ಅಂದ. ಚೆನ್ನೈಯಿಂದ ಪೋರ್ಟ್‌ಬ್ಲೇರ್‌ಗೂ ಅಲ್ಲಿಂದ ಬೇರೆ ದ್ವೀಪಗಳಿಗೂ ಸಮುದ್ರದ ತಳದಲ್ಲಿ ಸುಮಾರು 2,300 ಕಿ.ಮೀ. ಕೇಬಲ್ ಎಳೆದದ್ದು, ಅದರ ಉದ್ಘಾಟನೆ ಆಗಿದ್ದು 2020ರ ಆಗಸ್ಟ್ 10ಕ್ಕೆ, ಅದಕ್ಕೆ ಮುಂಚೆ ಯಾರಿಗೂ ವಿಡಿಯೋ ಸರಿಯಾಗಿ ಬರುತ್ತಲೇ ಇರಲಿಲ್ಲ ಅಂತ ನನಗೂ ವಿವರಿಸಿದ. ಎಲ್ಲ ನಿಜವೇ. ಆದರೆ ಗಂಡನ ಮುಖ ನೋಡದೇ ಉಳಿದ ಹೆಂಗಸಿಗೆ ಕೇಬಲ್ಲಿನ ಉದ್ದ ಹೇಳಿದರೆ ಏನು ಪ್ರಯೋಜನ? ಅವರು ಒಂದು ಸಲ "ಆ ತಂತಿ ನಾಕು ತಿಂಗ್ಳು ಮುಂಚೆ ಬಂದಿದ್ರೆ ಇವ್ಳು ಕಟ್ ಮಾಡ್ತಿರ್ಲಿಲ್ವಾ?" ಅಂತ ಕೇಳಿದ್ದಕ್ಕೆ ಇವನ ಬಾಯಿ ಕಟ್ಟಿತ್ತು.

ಸೊಸೆಯನ್ನು ಒಬ್ಬಳನ್ನೇ ಕೂರಿಸಿ ಕೇಳಿದೆ. ಅವಳ ಮುಖ ಬಿಳಿಚಿಕೊಂಡಿತು. "ಹೌದು ಮೇಡಂ, ನಾನೇ ಕಟ್ ಮಾಡ್ದೆ. ಕಟ್ ಮಾಡಿ ಮತ್ತೆ ಹಾಕಿದ್ರೆ ಸಿಗುತ್ತೆ ಅಂತ. ಹಂಗೇ ಹಿಡ್ಕೊಂಡಿದ್ರೆ ಬರ್ತಿತ್ತೇನೋ." ಎರಡು ವರ್ಷ ಮೂರು ತಿಂಗಳಿಂದ ಅವಳು ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಗಂಡನ ಹತ್ತಿರವೂ.

ಗಂಡ ಎಲ್ಲಿದ್ದ ಆಗ?

ಮೆಟ್ಟಿಲ ಮೇಲೆ. ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡಲಾರೆ ಅಂತ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಹೋಗಿದ್ದ. ಹಿರಿಯ ಮಗ, ಹತ್ತಿರವಿದ್ದಿದ್ದರೆ ಮೊದಲ ಹಿಡಿ ಮಣ್ಣು ಹಾಕಬೇಕಿದ್ದವನು. ನಾನು ಅವನನ್ನು ಬೈಯುತ್ತಿಲ್ಲ, ಅವನ ಕಾಲು ನಿಲ್ಲಲಿಲ್ಲ, ಅಷ್ಟೇ. ಆದರೆ ಅತ್ತೆ ಸೊಸೆ ಜಗಳ ಅಂತ ಬರುವ ಪ್ರಕರಣಗಳಲ್ಲಿ ನಡುವಿನ ಗಂಡಸು ಆ ಹೊತ್ತಿಗೆ ಎಲ್ಲಿ ನಿಂತಿದ್ದ ಅಂತ ಕೇಳುವುದನ್ನು ನಾನು ಅಂದಿನಿಂದ ಬಿಟ್ಟಿಲ್ಲ. ಅವನು ಬಿಟ್ಟುಹೋದ ಜಾಗದಲ್ಲಿ ಹೆಂಡತಿ ನಿಂತಳು, ಆಗದ ಕೆಲಸ ಅವಳ ಕೈಯಲ್ಲೇ ಆಗದೇ ಹೋಯಿತು, ಬೈಗುಳವೂ ಅವಳಿಗೇ ಬಂತು. ಆಮೇಲೂ ಅವನು ಅಮ್ಮನ ಮಾತು ಇವಳಿಗೆ, ಇವಳ ಮಾತು ಅಮ್ಮನಿಗೆ ಹೊತ್ತುಕೊಂಡು ಅಂಚೆಯವನ ಕೆಲಸ ಮಾಡಿದ. ತನ್ನ ಕಾಗದ ಮಾತ್ರ ಹಾಕಲಿಲ್ಲ.

ಸಲಹೆ ಕೊಟ್ಟದ್ದು ಹೀಗೆ. ಮಗನಿಗೆ: ಕೇಬಲ್ಲಿನ ಪಾಠ ಬಂದ್. ಅವರ ಮಾತು ಇವರಿಗೆ ದಾಟಿಸುವುದೂ ಬಂದ್. ಅಮ್ಮನ ಮುಂದೆ ಒಂದೇ ಒಂದು ವಾಕ್ಯ ಹೇಳಬೇಕು, ಆವತ್ತು ಫೋನ್ ಹಿಡಿಯಬೇಕಿದ್ದವನು ನಾನು, ನಾನು ಹೊರಗೆ ಹೋದೆ ಅಂತ. ಮುಂದಕ್ಕೆ "ಯಾಕಂದ್ರೆ" ಸೇರಿಸಬಾರದು. ಅವನಿಗೆ ಇದಕ್ಕೆ ಎರಡು ವಾರ ಹಿಡಿಯಿತು. ಸೊಸೆಗೆ: ಅತ್ತೆ ಕೇಳಿದರೆ ಹೌದು ಒತ್ತಿದೆ ಅನ್ನು, ಮತ್ತೆ ಸಿಗಲಿ ಅಂತ ಒತ್ತಿದೆ ಅನ್ನು, ಅಲ್ಲಿಗೆ ನಿಲ್ಲಿಸು. ಹಿಟ್ಟಿನ ಲೆಕ್ಕ ಅದೇ ಉಸಿರಿನಲ್ಲಿ ತರಬೇಡ, ಅದು ವಕೀಲಿಕೆ ಆಗಿಬಿಡುತ್ತದೆ. "ಹಿಟ್ಟು ಮುಗೀತು" ಅಂದದ್ದು ಸುಳ್ಳು, ಒಳ್ಳೆಯದಕ್ಕೇ ಹೇಳಿದ್ದರೂ ಸುಳ್ಳು, ಅದಕ್ಕೆ ಬೇರೆ ದಿನ ಬೇರೆಯಾಗಿ ತಪ್ಪಾಯಿತು ಅನ್ನು. ಅಲ್ಲಿಯವರೆಗೆ ಅವರು ಕ್ಯಾರಿಯರ್ ಬಿಚ್ಚಿದಾಗ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಗಬೇಡ, ನಿನ್ನ ತಟ್ಟೆ ತಂದು ಅಲ್ಲೇ ಬಾಗಿಲ ಹತ್ತಿರ ಅವರ ಪಕ್ಕ ಕೂತು ಉಣ್ಣು.

ಅತ್ತೆಗೆ ನಾನು ಸಲಹೆ ಅಂತ ಕೊಡಲಿಲ್ಲ, ಒಂದು ಕೇಳಿಕೊಂಡೆ. ಮಾವ ಹೋದ ಸುದ್ದಿ ಬಂದ ಬೆಳಗ್ಗೆಯಿಂದ ಹನ್ನೊಂದನೇ ದಿನದವರೆಗೆ ನಡೆದದ್ದನ್ನು ಸಾಲಾಗಿ ಹೇಳಿ, ಇಬ್ಬರೂ ಕೇಳಲಿ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಅವರು ಇದನ್ನು ಯಾರಿಗೂ ಹೇಳಿಯೇ ಇರಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಬಂದವರೆಲ್ಲ "ಏನಾಯ್ತು, ಹೆಂಗಾಯ್ತು" ಅಂತ ಕೇಳುತ್ತಾರೆ, ಹೆಂಡತಿ ನೂರು ಸಲ ಅದನ್ನೇ ಹೇಳಿ ಹೇಳಿ ಅಳುತ್ತಾಳೆ. ಕೇಳಿ ಕೇಳಿ ಸಾಯಿಸ್ತಾರೆ ಅಂತ ಬೈದುಕೊಳ್ಳುತ್ತೇವೆ, ಅದಕ್ಕೂ ಒಂದು ಉಪಯೋಗ ಇದೆ ಅಂತ ನನಗೆ ಇವರನ್ನು ನೋಡಿದ ಮೇಲೆ ಅನ್ನಿಸಿತು. ಇವರನ್ನು ಯಾರೂ ಕೇಳಲಿಲ್ಲ. ಇವರು ಸಾವಿನ ಮನೆಯಲ್ಲೇ ಇರಲಿಲ್ಲವಲ್ಲ.

ಆಗಸ್ಟ್ ಕೊನೆಗೆ ಮೂವರೂ ಒಟ್ಟಿಗೆ ಬಂದರು. ಅತ್ತೆ ಮುಕ್ಕಾಲು ಗಂಟೆ ಮಾತಾಡಿದರು. ನಡುವೆ ಬಳೆ ಬಂದಾಗ ಸೊಸೆ ಏನೋ ಹೇಳಲು ಹೊರಟಳು, ನಾನು ಕೈ ತೋರಿಸಿದೆ, ಸುಮ್ಮನಾದಳು. ಕೊನೆಯಲ್ಲಿ ಮಗ ತನ್ನ ವಾಕ್ಯ ಹೇಳಿದ. ನೆಲ ನೋಡಿಕೊಂಡೇ ಹೇಳಿದ.

"ನೀನೂ ಹಿಂದೆ ನಿಂತಿದೀಯ ಅಂದ್ಕೊಂಡಿದ್ದೆ" ಅಂದರು ಅತ್ತೆ. ಅಷ್ಟೇ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ, ರಸ್ತೆಯ ಬಸ್ ಹಾರ್ನ್ ಕೇಳುತ್ತಿತ್ತು. ಆಮೇಲೆ ಸೊಸೆಯ ಕಡೆ ತಿರುಗಿ "ನಿನ್ ಕೈ ನಡುಗ್ತಿತ್ತು, ಅದೂ ನೋಡ್ದೆ ನಾನು" ಅಂದರು. ಇದು ಕ್ಷಮೆಯೋ ದೂರೋ ನನಗೆ ತಿಳಿಯಲಿಲ್ಲ, ಸೊಸೆಗೂ ತಿಳಿದ ಹಾಗೆ ಕಾಣಲಿಲ್ಲ.

ಆ ಸಂಬಂಧಿ ಹುಡುಗನ ಮೊಬೈಲಿನಲ್ಲಿ ಆವತ್ತಿನ ಎರಡು ಮೂರು ಫೋಟೋ ಇವೆ ಅಂತ ಗೊತ್ತಾಯಿತು. ಅತ್ತಾರು ಅಂತ ಮನೆಯವರು ಮುಚ್ಚಿಟ್ಟಿದ್ದರು. ತೋರಿಸಬೇಡಿ, ಮುಚ್ಚಿಡಲೂ ಬೇಡಿ, ಇದೆ, ಬೇಕಾ ಅಂತ ಕೇಳಿ ಅಂದೆ. ಅತ್ತೆ ಸ್ವಲ್ಪ ಯೋಚಿಸಿ ಬೇಡ ಅಂದರು. "ಆಲು ಕರ್ದು ಕೊಟ್ಟ ಮುಖ ಗ್ಯಾನದಲ್ಲೈತೆ, ಅದೇ ಇರ್ಲಿ." ಬೇಡ ಅನ್ನುವುದಕ್ಕಾದರೂ ಯಾರೋ ಕೇಳಬೇಕಿತ್ತು ನೋಡಿ.

ಆ ವರ್ಷ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 25, ಭಾನುವಾರ. ಹಿರಿಯರಿಗೆ ಎಡೆ ಇಡುವ ದಿನ. ತೋಟದಲ್ಲಿ ಮಾವನನ್ನು ಮಣ್ಣು ಮಾಡಿದ ಜಾಗಕ್ಕೆ ಮೂವರೂ ಹೋಗಿ ಬನ್ನಿ, ಅಲ್ಲಿ ಏನು ಮಾಡಬೇಕು ಅನ್ನುವುದು ಅಮ್ಮನಿಗೇ ಬಿಟ್ಟದ್ದು ಅಂದಿದ್ದೆ. ಹೋದರು. ಬಳೆ ಚೂರಿನ ಪೊಟ್ಟಣವನ್ನೂ ಸೊಸೆ ಒಯ್ದಿದ್ದಳು, ಅತ್ತೆ ಅದನ್ನು ಬಿಚ್ಚಿಯೂ ನೋಡದೆ ತೆಂಗಿನ ಬುಡದಲ್ಲಿ ಹೂಳಿದರಂತೆ. ಅವತ್ತು ಊರ ಮನೆಯಲ್ಲಿ ಸೊಸೆ ಬಡಿಸಿದ್ದನ್ನು ಉಂಡರು. ಮುಂದಿನ ವಾರ ತುಮಕೂರಿಗೆ ಬರುವಾಗ ಮಾತ್ರ ಮತ್ತೆ ಕ್ಯಾರಿಯರ್. ಸೊಸೆ ಬೇಜಾರಾಗಿ ಫೋನ್ ಮಾಡಿದಳು. ಊರ ಮನೆ ಬೇರೆ, ಆ ಫ್ರಿಡ್ಜ್ ಇರುವ ಮನೆ ಬೇರೆ, ಕಾಯಿ ಅಂದೆ. ಅಂಡಮಾನಿಂದ ಬರುವಾಗ ಸಾಮಾನಿನ ಜೊತೆ ಅದೇ ಫ್ರಿಡ್ಜ್ ತಂದಿದ್ದರು, ಇದು ನನಗೆ ಆಗಷ್ಟೇ ಗೊತ್ತಾಗಿತ್ತು.

ಡಿಸೆಂಬರಿನಲ್ಲಿ, ಅವರೆಕಾಯಿ ಕಾಲ, ಸೊಸೆ ಮಗುವನ್ನು ಎತ್ತಿಕೊಂಡು ಸುಮ್ನೆ ನೋಡಿ ಹೋಗಲು ಬಂದಳು. ಅತ್ತೆ ಈಗ ಕ್ಯಾರಿಯರ್ ತರುವುದಿಲ್ಲ. ಹಿಂದಿನ ವಾರ ಹತ್ತು ಕೆಜಿ ಹಿಟ್ಟಿನ ಚೀಲ ತಂದು ಅಡುಗೆಮನೆಯಲ್ಲಿ ಇಳಿಸಿ, "ಡಬ್ಬಿಗೆ ಹಾಕು, ಫ್ರಿಡ್ಜಲ್ಲಿ ಇಕ್ಕಬ್ಯಾಡ, ನಮ್ಮೂರಲ್ಲಿ ಉಳ ಬೀಳಲ್ಲ" ಅಂದರಂತೆ. ಬೀಳುತ್ತೆ ಮೇಡಂ, ಆದ್ರೂ ಹೂಂ ಅಂದೆ ಅಂತ ನಕ್ಕಳು.

ಮಗ ಒಬ್ಬನೇ ಬಂದು ಮಾತಾಡಬೇಕು ಅಂತ ಎರಡು ಸಲ ಟೈಮ್ ತೆಗೆದುಕೊಂಡ. ಎರಡು ಸಲವೂ ಬರಲಿಲ್ಲ. ಮೂರನೇ ಸಲ ನಾನೇ ಫೋನ್ ಮಾಡಿದೆ. "ಕೆಳಗೇ ಇದೀನಿ ಮೇಡಂ" ಅಂದ. ಕಿಟಕಿಯಿಂದ ನೋಡಿದರೆ ರಸ್ತೆಯ ಆ ಬದಿ, ಬೈಕಿನ ಮೇಲೆ ಕೂತಿದ್ದ. ಆತುರ ಇಲ್ಲ, ಬಾಗಿಲು ತೆಗೆದೇ ಇರುತ್ತೆ ಅಂದೆ. ಇಪ್ಪತ್ತು ನಿಮಿಷ ಆದ ಮೇಲೆ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು.